ಮಡಚುವ ಕುರ್ಚಿಯ ಮೇಲೆ ಕೂತವರ ಕಡತ

ಪ್ರಶ್ನೆ: ಮೊನ್ನೆ ಒಂದು ಮೌನ ಪ್ರತಿಭಟನೆಯಲ್ಲಿ ಫಲಕ ಹಿಡಿದು ನಿಂತಿದ್ದೆವು. ಘೋಷಣೆಯಿಲ್ಲ, ತಳ್ಳಾಟವಿಲ್ಲ. ಮಫ್ತಿಯಲ್ಲಿದ್ದ ಒಬ್ಬರು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು, ಒಬ್ಬೊಬ್ಬರ ಮುಖದ ಮುಂದೆಯೂ ನಿಂತು ವಿಡಿಯೊ ತೆಗೆದುಕೊಂಡು ಹೋದರು. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ನಮ್ಮ ಭಾವನವರು ‘ತಪ್ಪು ಮಾಡದವಳಿಗೆ ಭಯ ಯಾಕೆ?’ ಎಂದು ನಗುತ್ತಾರೆ. ಅವರಿಗೆ ಏನು ಹೇಳಲಿ?
– ಹೆಸರು ಬೇಡ ಎಂದವರು

ಉತ್ತರ: ಭಾವನವರಿಗೆ ಜಾನ್ ಕ್ಯಾಟ್ ಅವರ ಕಥೆ ಹೇಳಿ. ಅದಕ್ಕೂ ಮೊದಲು ನನ್ನದೊಂದು ಇದೆ, ಕೇಳಿಬಿಡಿ.

ಈ ಅಂಕಣಕ್ಕೆ ಬರುವ ಮುಂಚೆ ನಾನು ಮೂವತ್ತೊಂದು ವರ್ಷ ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿದ್ದವಳು. ಅಲ್ಲಿ ಪ್ರತಿ ಕಡತದ ಮೇಲೂ ಎಷ್ಟು ವರ್ಷ ಇಡಬೇಕು ಎಂದು ಬರೆದಿರಬೇಕು. ಅವಧಿ ಮುಗಿದರೆ ಪಟ್ಟಿ ಮಾಡಿ, ಮೇಲಿನವರ ಸಹಿ ಪಡೆದು ನಾಶ ಮಾಡಬೇಕು. ಅವಧಿ ಬರೆಯದೆ ಬಿಟ್ಟ ಕಡತ ಇದೆಯಲ್ಲ, ಅದನ್ನು ಯಾರೂ ಮುಟ್ಟುವುದಿಲ್ಲ. ಒಮ್ಮೆ ಒಬ್ಬ ನೌಕರರ ಸೇವಾ ಕಡತದ ಅಂಚಿನಲ್ಲಿ ಪೆನ್ಸಿಲಿನ ಒಂದು ಷರಾ ಕಂಡೆ: ‘ಗಮನವಿಡಿ.’ ಬರೆದವರು ಯಾರು, ಯಾವಾಗ, ಯಾಕೆ, ಒಂದೂ ಇಲ್ಲ. ಪುಟ ತಿರುವಿದವರೆಲ್ಲ ಅಲ್ಲಿಗೆ ಬಂದು ಒಂದು ಕ್ಷಣ ನಿಲ್ಲುತ್ತಿದ್ದರು. ಆ ಮನುಷ್ಯನ ಬಡ್ತಿಯೂ ಅಲ್ಲೇ ನಿಲ್ಲುತ್ತಿತ್ತು. ರಬ್ಬರಿನಿಂದ ಉಜ್ಜಿದರೆ ಹೋಗುವ ಪದ. ಉಜ್ಜುವ ಅಧಿಕಾರ ತನ್ನದೆಂದು ಯಾರೂ ಹೇಳಲಿಲ್ಲ. ನನಗೂ ಧೈರ್ಯ ಬರಲಿಲ್ಲ. ಅವರು ಹಾಗೆಯೇ ನಿವೃತ್ತರಾದರು. ತಪ್ಪು ಏನೆಂದು ಕೇಳಿದ್ದರೆ ಆ ಕಚೇರಿಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಈಗ ಕ್ಯಾಟ್. ಇಂಗ್ಲೆಂಡಿನ ಬ್ರೈಟನ್ನಿನ ವೃದ್ಧರು, ಜೀವಮಾನವಿಡೀ ಶಾಂತಿ ಚಳವಳಿಯಲ್ಲಿದ್ದವರು. ಅಲ್ಲಿನ ಶಸ್ತ್ರಾಸ್ತ್ರ ಬಿಡಿಭಾಗಗಳ ಕಾರ್ಖಾನೆಯೊಂದರ ಮುಂದೆ ನಡೆಯುತ್ತಿದ್ದ ಪ್ರತಿಭಟನೆಗಳಿಗೆ ತಪ್ಪದೆ ಹೋಗುತ್ತಿದ್ದರು. ಹೋಗಿ ಮಾಡುತ್ತಿದ್ದುದೇನು? ಚಿತ್ರ ಬಿಡಿಸುವುದು. ಅವರ ಮೇಲೆ ಒಂದು ಅಪರಾಧವೂ ಸಾಬೀತಾಗಿರಲಿಲ್ಲ. ಆದರೂ ಪೊಲೀಸರ ‘ದೇಶೀಯ ಉಗ್ರವಾದ’ದ ದತ್ತಾಂಶ ಸಂಗ್ರಹದಲ್ಲಿ 2005ರಿಂದ 2009ರ ನಡುವೆ ಅವರ ಹೆಸರಿದ್ದ ನಮೂದುಗಳು 66. ಏನು ಬರೆದಿದ್ದರು ಗೊತ್ತೇ? ವ್ಯಾನಿನಲ್ಲಿ ಬಂದರು. ಮಡಚುವ ಕುರ್ಚಿಯ ಮೇಲೆ ಕೂತರು. ಚಿತ್ರ ಬರೆಯುತ್ತಿರುವಂತೆ ಕಂಡಿತು. ಇನ್ನೊಂದರಲ್ಲಿ, ಗಡ್ಡ ಬೋಳಿಸಿದ್ದರು, ತುಂಬಾ ಸುಮ್ಮನಿದ್ದರು. ಸುಮ್ಮನಿದ್ದದ್ದೂ ದಾಖಲೆ!

ಅದನ್ನು ಅಳಿಸಿ ಎಂದು ಅವರು ಕೋರ್ಟಿಗೆ ಹೋದರು. 2013ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದರು, 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಸೋತರು. ಕೊನೆಗೆ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2019ರ ಜನವರಿಯಲ್ಲಿ ಅವರ ಪರ ತೀರ್ಪು ಕೊಟ್ಟಾಗ ವಯಸ್ಸು ತೊಂಬತ್ತು ದಾಟಿತ್ತು. ಆ ತೀರ್ಪು ಓದುವಾಗ ನನ್ನೊಳಗಿನ ರೆಕಾರ್ಡ್ ಕೀಪರ್ ಎದ್ದು ಕೂತಳು. ಪೊಲೀಸರು ಮಾಹಿತಿ ಕಲೆಹಾಕಿದ್ದಕ್ಕೆ ಕಾರಣವಿದ್ದಿರಬಹುದು ಎಂದೇ ನ್ಯಾಯಾಧೀಶರು ಒಪ್ಪಿದ್ದರು. ಅವರ ತಕರಾರು ಇಟ್ಟುಕೊಂಡಿದ್ದರ ಬಗ್ಗೆ: ರಾಜಕೀಯ ಅಭಿಪ್ರಾಯ ತೋರಿಸುವ ಮಾಹಿತಿಗೆ ಖಚಿತವಾದ ಗರಿಷ್ಠ ಅವಧಿಯೇ ಇರಲಿಲ್ಲ. ಹುಡುಕಿ ಅಳಿಸುವುದು ಬಹಳ ಕಷ್ಟದ ಕೆಲಸ ಎಂದು ಸರ್ಕಾರ ಹೇಳಿದ್ದನ್ನು ಅವರು ಒಪ್ಪಲಿಲ್ಲ. ಆ ನೆಪ ನಾನೂ ಬಹಳ ಕೇಳಿದ್ದೇನೆ.

ಹಾಗಾಗಿ ನಿಮ್ಮ ಸಂಕಟ ಸುಮ್ಮನೆ ಅಲ್ಲ. ತಪ್ಪು ಮಾಡದವರಿಗೆ ಭಯವಿಲ್ಲ ಎನ್ನಬೇಕಾದರೆ, ಇವತ್ತಿನ ವಿಡಿಯೊವನ್ನು ಇನ್ನು ಹತ್ತು ವರ್ಷ ಬಿಟ್ಟು ನೋಡುವವರು ಯಾರು, ಅವರ ಲೆಕ್ಕದಲ್ಲಿ ತಪ್ಪು ಯಾವುದು ಎಂಬುದೂ ಭಾವನವರಿಗೆ ಗೊತ್ತಿರಬೇಕು. ನೀವು ಮಾಡಬಹುದಾದದ್ದು ಇಷ್ಟು: ಆ ದಿನದ ತಾರೀಕು, ಸಮಯ, ಚಿತ್ರೀಕರಿಸಿದವರು ಏನು ಹೇಳಿದರು ಎಂಬುದನ್ನು ನೆನಪಿರುವಾಗಲೇ ಬರೆದಿಡಿ. ಯಾವ ನಿಯಮದಡಿ ಚಿತ್ರೀಕರಣ, ಎಷ್ಟು ದಿನ ಇಡುತ್ತಾರೆ, ಯಾರು ಯಾರು ನೋಡುತ್ತಾರೆ ಎಂದು ಸಂಘದ ಹೆಸರಿನಲ್ಲಿ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಉತ್ತರ ಬರದಿದ್ದರೆ ಆ ಸ್ವೀಕೃತಿಯೇ ಮುಂದೆ ವಕೀಲರ ಕೈಗೆ ಕೊಡುವ ಮೊದಲ ಕಾಗದ.

ಪ್ರಶ್ನೆ: ನಡುರಸ್ತೆಯಲ್ಲಿ ನಿಂತವರಿಗೆ ಎಂಥ ಖಾಸಗಿತನ ಮೇಡಂ? ಪತ್ರಿಕೆಯವರೂ ಫೋಟೊ ತೆಗೆಯುತ್ತಾರಲ್ಲ?
– ಒಬ್ಬ ಕಾಲೇಜು ವಿದ್ಯಾರ್ಥಿ

ಉತ್ತರ: ಒಳ್ಳೆಯ ಪ್ರಶ್ನೆ, ಸ್ವಲ್ಪ ಜಗಳಗಂಟಿ ಪ್ರಶ್ನೆಯೂ ಹೌದು. ನೋಡುವುದು ಬೇರೆ, ಹಿಂಬಾಲಿಸುವುದು ಬೇರೆ. 1962ರಲ್ಲಿ ಖರಕ್ ಸಿಂಗ್ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್, ಪೊಲೀಸರು ರಾತ್ರಿ ಹೊತ್ತು ಮನೆ ಬಾಗಿಲು ತಟ್ಟುವುದನ್ನು ರದ್ದು ಮಾಡಿತು. ನೆರಳಿನಂತೆ ಹಿಂಬಾಲಿಸುವುದನ್ನು ಮಾತ್ರ ಉಳಿಸಿತು. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ. ಪೊಲೀಸರ ಕಣ್ಣಳತೆಯಲ್ಲೇ ಓಡಾಡುವವನಿಗೆ ಇಡೀ ದೇಶವೇ ಜೈಲು ಎಂದು ಭಿನ್ನ ತೀರ್ಪಿನಲ್ಲಿ ಬರೆದರು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದಾಗ, ಅಂಥ ಹಕ್ಕಿಲ್ಲ ಎಂದಿದ್ದ 1962ರ ಮಾತು ಬಿದ್ದುಹೋಯಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯೂ 2020ರಲ್ಲಿ, ಸಭೆ ಬಯಲಲ್ಲಿ ನಡೆಯಿತು ಎಂದಮಾತ್ರಕ್ಕೆ ಸೇರಿದವರ ಖಾಸಗಿತನ ಹೋಗುವುದಿಲ್ಲ ಎಂದು ಸ್ಪಷ್ಟಪಡಿಸಿತು.

ಎಲ್ಲ ಕೋರ್ಟುಗಳೂ ಹೀಗೇ ಹೇಳಿವೆ ಎಂದುಕೊಳ್ಳಬೇಡಿ. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸೈನ್ಯ ತಮ್ಮ ಮೇಲೆ ಕಣ್ಣಿಟ್ಟಿದೆ ಎಂದು ದೂರಿದ ನಾಗರಿಕರನ್ನು 5–4ರ ಬಹುಮತದಿಂದ ವಾಪಸ್ ಕಳಿಸಿತು. ಅಳುಕು ಹುಟ್ಟಿದೆ ಎಂದರೆ ಸಾಲದು, ನಿಜವಾದ ಹಾನಿ ತೋರಿಸಿ ಎಂದಿತು. ಅಳುಕಿ ಪ್ರತಿಭಟನೆಗೆ ಬಾರದೇ ಉಳಿದವರನ್ನು ಕೋರ್ಟಿಗೆ ಕರೆತಂದು ತೋರಿಸುವುದು ಹೇಗೆ ಎಂಬುದು ನನಗೆ ಇನ್ನೂ ತಿಳಿದಿಲ್ಲ.

ಗುಂಪು ಎಷ್ಟು ದೊಡ್ಡದು, ಎತ್ತ ಸಾಗುತ್ತಿದೆ, ಎಲ್ಲಾದರೂ ಕಲ್ಲು ಬಿತ್ತೇ ಎಂದು ಪೊಲೀಸರು ನೋಡಲೇಬೇಕು. ಅದು ಅವರ ಕೆಲಸ. ಅದಕ್ಕೆ ಒಬ್ಬೊಬ್ಬರ ಮುಖದ ಮುಂದೆ ನಿಲ್ಲಬೇಕಾಗಿಲ್ಲ.

ಪ್ರಶ್ನೆ: ನಮ್ಮದು ಇಪ್ಪತ್ತು ಜನರ ಪುಟ್ಟ ಸಂಘ. ಹೊಸದಾಗಿ ಬಂದ ಇಬ್ಬರು ಗುಪ್ತಚರರಿರಬೇಕು ಎಂದು ಗುಸುಗುಸು ಶುರುವಾಗಿದೆ. ಸಭೆಗೆ ಬರುವವರೇ ಕಮ್ಮಿಯಾಗುತ್ತಿದ್ದಾರೆ.
– ಸಂಘದ ಕಾರ್ಯದರ್ಶಿ

ಉತ್ತರ: ಅವರು ಗುಪ್ತಚರರೋ ಅಲ್ಲವೋ, ಗುಪ್ತಚರರು ಮಾಡಬೇಕಾದ ಕೆಲಸವನ್ನು ನಿಮ್ಮ ಗುಸುಗುಸುವೇ ಮಾಡಿ ಮುಗಿಸುತ್ತಿದೆ. 1971ರ ಮಾರ್ಚ್ 8ರ ರಾತ್ರಿ, ಅಮೆರಿಕದ ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರಿನ ಎಫ್‌ಬಿಐ ಕಚೇರಿಗೆ ಕೆಲವು ಯುದ್ಧವಿರೋಧಿಗಳು ನುಗ್ಗಿ ಕಡತಗಳನ್ನು ಹೊತ್ತೊಯ್ದು ಪತ್ರಿಕೆಗಳಿಗೆ ಕಳಿಸಿದರು. ಅದರಲ್ಲೊಂದು ಟಿಪ್ಪಣಿ, ಚಳವಳಿಗಾರರನ್ನು ಹೆಚ್ಚು ಹೆಚ್ಚು ವಿಚಾರಣೆ ಮಾಡಿ ಎನ್ನುತ್ತಿತ್ತು. ಕಾರಣವನ್ನೂ ಬರೆದಿತ್ತು: ಅವರಲ್ಲಿರುವ ಗುಮಾನಿ ಇನ್ನಷ್ಟು ಬೆಳೆಯಲಿ, ಒಂದೊಂದು ಅಂಚೆ ಡಬ್ಬಿಯ ಹಿಂದೆಯೂ ಒಬ್ಬ ಏಜೆಂಟ್ ಇದ್ದಾನೆ ಎನ್ನಿಸಲಿ. ಅಷ್ಟು ಏಜೆಂಟರನ್ನು ನೇಮಿಸುವ ಖರ್ಚು ಯಾರಿಗೆ ಬೇಕು, ಅನ್ನಿಸಿದರೆ ಸಾಕಲ್ಲ!

ನುಸುಳುವಿಕೆ ಬರೀ ಕಲ್ಪನೆ ಎಂದೂ ಹೇಳಲಾರೆ. ಬ್ರಿಟನ್ನಿನಲ್ಲಿ 1968ರಿಂದ ಪೊಲೀಸರು ಸುಳ್ಳು ಹೆಸರಿನಲ್ಲಿ ಸಂಘಟನೆಗಳ ಒಳಗೆ ವರ್ಷಗಟ್ಟಲೆ ಬದುಕಿದ್ದರು. ಕೆಲವರು ಸತ್ತ ಮಕ್ಕಳ ಹೆಸರನ್ನೇ ಬಳಸಿದ್ದರು. 2015ರಲ್ಲಿ ಅದರ ವಿಚಾರಣೆಗೆ ಆಯೋಗವನ್ನೇ ರಚಿಸಬೇಕಾಯಿತು. ಆದರೂ ಆ ಇಬ್ಬರ ಬೆನ್ನು ಹತ್ತಬೇಡಿ. ಸಭೆಯಲ್ಲಿ ಆಡುವ ಮಾತು ಹೊರಗೂ ಆಡಬಹುದಾದ ಮಾತೇ ಆಗಿರಲಿ. ಕಲ್ಲು ಹೊಡೆಯೋಣ, ಬೆಂಕಿ ಹಚ್ಚೋಣ ಎಂದು ಉಬ್ಬಿಸುವವರು ಯಾರೇ ಆಗಲಿ, ಹಳಬರಾದರೂ ಸರಿ, ಅಲ್ಲೇ ತಡೆಯಿರಿ. ಸದಸ್ಯರ ವಿಳಾಸ, ಫೋನ್ ನಂಬರಿನ ಪಟ್ಟಿ ಎಲ್ಲರ ಫೋನಿನಲ್ಲೂ ಓಡಾಡುವುದು ಬೇಡ. ಅಮೆರಿಕದ ಅಲಬಾಮಾ ರಾಜ್ಯ ಕಪ್ಪು ಜನರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯಿಂದ ಇಂಥದೇ ಪಟ್ಟಿ ಕೇಳಿದಾಗ, ಕೊಡಬೇಕಾಗಿಲ್ಲ ಎಂದು 1958ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತ್ತು. ನೀವಾಗಿಯೇ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಯಾವ ಕೋರ್ಟೂ ಕಾಯಲಾರದು.

ಪ್ರಶ್ನೆ: ಪ್ರತಿಭಟನೆಗೆ ಹೋಗುವಾಗ ಫೋನ್ ಮನೆಯಲ್ಲೇ ಬಿಡಬೇಕೇ?
– ಇಬ್ಬರು ಗೆಳತಿಯರು

ಉತ್ತರ: ಬಿಡಲಾಗದಿದ್ದರೆ ಬೆರಳಚ್ಚು, ಮುಖ ತೋರಿಸಿ ತೆರೆಯುವುದನ್ನು ನಿಲ್ಲಿಸಿ, ಉದ್ದನೆಯ ಪಾಸ್‌ವರ್ಡ್ ಹಾಕಿ. ಫೋನ್ ಆನ್ ಇದ್ದರೆ ಟವರಿಗೆ ನೀವಿರುವ ಜಾಗ ಗೊತ್ತು. 2014ರ ಜನವರಿಯಲ್ಲಿ ಉಕ್ರೇನಿನ ಕೀವ್‌ನಲ್ಲಿ ಘರ್ಷಣೆ ನಡೆಯುತ್ತಿದ್ದ ಜಾಗದ ಸುತ್ತ ಇದ್ದವರ ಫೋನಿಗೆ ‘ನೀವು ಗಲಭೆಯಲ್ಲಿ ಪಾಲ್ಗೊಂಡವರೆಂದು ನೋಂದಣಿಯಾಗಿದ್ದೀರಿ’ ಎಂಬ ಸಂದೇಶವೇ ಬಂದಿತ್ತು. ಕಳಿಸಿದ್ದು ನಾವಲ್ಲ ಎಂದು ಮೊಬೈಲ್ ಕಂಪನಿಗಳು ಕೈತೊಳೆದುಕೊಂಡವು.

ಇನ್ನೊಂದು. ಪಕ್ಕದವರ ಮುಖವಿರುವ ಫೋಟೊವನ್ನು ಅವರನ್ನು ಕೇಳದೆ ಹಾಕಬೇಡಿ. ಮಾಸ್ಕೋದಲ್ಲಿ 2019ರಲ್ಲಿ ನಿಕೊಲಾಯ್ ಗ್ಲುಖಿನ್ ಎಂಬುವರು ಬಂಧಿತ ಹೋರಾಟಗಾರರೊಬ್ಬರ ಆಳೆತ್ತರದ ರಟ್ಟಿನ ಚಿತ್ರ ಹಿಡಿದು ಒಬ್ಬರೇ ಮೆಟ್ರೊದಲ್ಲಿ ಹೋಗಿದ್ದರು. ವಾರ ಕಳೆಯುವಷ್ಟರಲ್ಲಿ, ಮುಖ ಗುರುತಿಸುವ ಕ್ಯಾಮೆರಾಗಳ ನೆರವಿನಿಂದ, ಮೆಟ್ರೊದಲ್ಲೇ ಹಿಡಿದು 20,000 ರೂಬಲ್ ದಂಡ ಹಾಕಿಸಿದರು. 2023ರಲ್ಲಿ ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಅದು ತಪ್ಪೆಂದಿತು. ಆದರೆ ಪೊಲೀಸರ ಕಣ್ಣಿಗೆ ಅವರು ಮೊದಲು ಬಿದ್ದದ್ದು ಮೆಟ್ರೊ ಕ್ಯಾಮೆರಾದಲ್ಲಿ ಅಲ್ಲ, ಟೆಲಿಗ್ರಾಂನಲ್ಲಿ ಯಾರೋ ಹಾಕಿದ್ದ ಚಿತ್ರದಲ್ಲಿ.