ಮಾರ್ಚ್ ಕೊನೆಯ ಕಂತು

ಪ್ರಶ್ನೆ: ಪ್ರತಿವರ್ಷ ಮಾರ್ಚ್ ಕೊನೆಯ ವಾರದಲ್ಲಿ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಗೆ 1.5 ಲಕ್ಷ ರೂಪಾಯಿ ಕಟ್ಟುತ್ತೇನೆ. ಏಪ್ರಿಲ್‌ನಲ್ಲೇ ಕಟ್ಟುವುದು ಲಾಭಕರವೆಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ, ನಿಜವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅವರ ಮಾತು ನಿಜ. ಪ್ರತಿ ತಿಂಗಳ 5ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಉಳಿದಿರುವ ಕನಿಷ್ಠ ಮೊತ್ತಕ್ಕೆ ಮಾತ್ರ ಬಡ್ಡಿಯನ್ನು ಲೆಕ್ಕ ಹಾಕುವುದರಿಂದ, ಮಾರ್ಚ್ ಕೊನೆಯಲ್ಲಿ ಕಟ್ಟಿದ ಹಣಕ್ಕೆ ಆ ವರ್ಷ ಬಿಡಿಗಾಸೂ ದೊರೆಯುವುದಿಲ್ಲ. ಅದನ್ನೇ ಏಪ್ರಿಲ್ 5ರೊಳಗೆ ಕಟ್ಟಿದರೆ, 2020ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ 7.1ರ ದರದಂತೆ 10,650 ರೂಪಾಯಿ ಸೇರುತ್ತದೆ. ಒಂದೇ ದಿನ ತಡವಾಗಿ 6ರಂದು ಕಟ್ಟಿದರೆ ಸುಮಾರು 887 ರೂಪಾಯಿ ಕೈತಪ್ಪುತ್ತದೆ. ಚೆಕ್ ಕೊಡುವುದಾದರೆ ಅದು ನಗದಾಗುವಷ್ಟು ದಿನ ಮೊದಲೇ ಕೊಡಿ. ಅಂದಹಾಗೆ, ನೀವು ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡಿದ್ದರೆ 80ಸಿ ಎಂದೇ ಪರಿಚಿತವಾದ ಕಡಿತ, ಅಂದರೆ ಇಂಥ ಉಳಿತಾಯವನ್ನು ತೆರಿಗೆಯ ಆದಾಯದಿಂದ ಕಳೆಯುವ ಸೌಲಭ್ಯ, ಸಿಗುವುದಿಲ್ಲವಾದ್ದರಿಂದ, ತೆರಿಗೆ ಉಳಿಸಲು ಮಾರ್ಚ್‌ನಲ್ಲಿ ಮಾಡುವ ಈ ಧಾವಂತಕ್ಕೆ ಕಾರಣವೇ ಉಳಿಯುವುದಿಲ್ಲ.