ಸಂಪಾದಕರ ಉತ್ತರ: ದೊಡ್ಡಪ್ಪ ಹೊಡೆದುಹಾಕಿದ ಸಾಲು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಅವರ ತಂದೆ ತೀರಿಕೊಂಡು ಎರಡು ತಿಂಗಳಾಯಿತು. ವೈಕುಂಠ ಸಮಾರಾಧನೆಯ ದಿನ ಹಂಚಲೆಂದು ಸಿದ್ಧಪಡಿಸಿದ ನೆನಪಿನ ಹಾಳೆಯಲ್ಲಿ ‘ಇಸ್ಪೀಟಿನಲ್ಲಿ ಅಮ್ಮನಿಗೆ ಮೋಸ ಮಾಡಿ ಗೆಲ್ಲುತ್ತಿದ್ದರು, ಅವಳ ಕನ್ನಡಕ ಬಚ್ಚಿಟ್ಟು ತಾವೂ ಹುಡುಕುವವರಂತೆ ಮನೆಯೆಲ್ಲ ಸುತ್ತುತ್ತಿದ್ದರು’ ಎಂದು ಇವರು ಬರೆದಿದ್ದರಂತೆ. ದೊಡ್ಡಪ್ಪ ಆ ಸಾಲನ್ನು ಹೊಡೆದು ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಎಂದು ತಿದ್ದಿದರು. ಹೋದವರ ವಿಷಯದಲ್ಲಿ ತಮಾಷೆ ಸಲ್ಲದೇ ಎಂಬುದು ಪ್ರಶ್ನೆ.

ದೊಡ್ಡಪ್ಪನವರು ತಮ್ಮನನ್ನು ಕಳೆದುಕೊಂಡ ಹಿರಿಯರು; ನಾಲ್ಕು ಜನ ಓದುವ ಹಾಳೆಯಲ್ಲಿ ಮನೆಯ ಮರ್ಯಾದೆ ಉಳಿಯಲಿ ಎಂದುಕೊಂಡರೆ ತಪ್ಪೆನ್ನಲಾರೆ. ಆದರೆ ನನ್ನ ಮನಸ್ಸು ಆ ಕನ್ನಡಕದ ಬಳಿಯೇ ನಿಂತಿದೆ.

ಸಾಕಾರಮೂರ್ತಿಗಳನ್ನು ನಾನು ಬೇಕಾದಷ್ಟು ಕಂಡವನು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಶ್ರದ್ಧಾಂಜಲಿಯ ಪುಟ ನನ್ನ ಪಾಲಿಗಿತ್ತು. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಿರಿಯರು ‘ತುಂಬಲಾರದ ನಷ್ಟ’ ಎಂಬ ಸಾಲನ್ನು ಬಿಚ್ಚುತ್ತಲೇ ಇರಲಿಲ್ಲ. ದಾರ ಸುತ್ತಿ ಮೂಲೆಯಲ್ಲಿ ಇಟ್ಟಿರುತ್ತಿದ್ದರು. ಹೆಸರು, ಊರು, ತಾರೀಖು ಬದಲಾದರೆ ಮುಗಿಯಿತು. ಈಗ ಮೊಳೆಗಳಿಲ್ಲ, ದಾರ ಮಾತ್ರ ಬಿಚ್ಚಿಲ್ಲ.

ಪೂರ್ಣಚಂದ್ರ ತೇಜಸ್ವಿಯವರು 2007ರ ಏಪ್ರಿಲ್‌ನಲ್ಲಿ ಮೂಡಿಗೆರೆಯಲ್ಲಿ ತೀರಿಕೊಂಡ ಮೇಲೆ ನಾಡು ಅವರನ್ನು ಚಿಂತಕ, ಪರಿಸರವಾದಿ ಎಂದೆಲ್ಲ ಕರೆಯಿತು, ಸುಳ್ಳೇನಲ್ಲ. ಆದರೆ ಗಾಳ ಹಿಡಿದು ಹೊಳೆಯ ದಡದಲ್ಲಿ ಕೂತ, ಹಕ್ಕಿಯ ಫೋಟೊಗಾಗಿ ಕಾದ ಮನುಷ್ಯನೊಡನೆ ಸಂಸಾರ ಮಾಡುವುದೆಂದರೇನು ಎಂದು ಹೇಳಬಲ್ಲವರಾಗಿದ್ದವರು ಪತ್ನಿ ರಾಜೇಶ್ವರಿಯವರೇ. ಅವರ ಪುಸ್ತಕದ ‘ನನ್ನ ತೇಜಸ್ವಿ’ ಎಂಬ ಹೆಸರಿನಲ್ಲಿಯೇ ಆ ಅಧಿಕಾರವಿದೆ. ತೇಜಸ್ವಿಯವರೂ 1994ರಲ್ಲಿ ಅಗಲಿದ ತಂದೆ ಕುವೆಂಪು ಅವರ ಬಗ್ಗೆ ಬರೆಯುವಾಗ ರಾಷ್ಟ್ರಕವಿಯ ನೆನಪು ಎನ್ನಲಿಲ್ಲ, ಮನೆಯಲ್ಲಿ ತಂದೆಯನ್ನು ಕರೆಯುತ್ತಿದ್ದಂತೆಯೇ ‘ಅಣ್ಣನ ನೆನಪು’ ಎಂದರು. ಜ್ಞಾನಪೀಠ ಪಡೆದ ಕವಿಯ ಮರ್ಯಾದೆಗೆ ಅದರಿಂದ ಕುಂದೇನೂ ಬರಲಿಲ್ಲ.

ನನ್ನ ತಂದೆ ಚೌಕಾಬಾರದಲ್ಲಿ ಕವಡೆಯನ್ನು ಅಂಗೈಯಲ್ಲಿ ಒಂದು ಗಳಿಗೆ ಹೆಚ್ಚು ಕುಲುಕುತ್ತಿದ್ದರು. ಮೋಸ ಬರುತ್ತಿದೆ ಎಂದು ನಮಗೆಲ್ಲ ಗೊತ್ತಾಗುತ್ತಿತ್ತು. ಕವಡೆ ಬೀಳುವ ಮೊದಲೇ ಅಮ್ಮ ನಗಲು ತೊಡಗುತ್ತಿದ್ದಳು. ಅವರು ಹೋದಾಗ ನಾವು ಹಾಕಿಸಿದ್ದು ‘ಶಿಸ್ತಿನ ಸಿಪಾಯಿ’ ಎಂದು. ಪ್ರೂಫ್ ನೋಡಿದವನು ನಾನೇ.

ಆದ್ದರಿಂದ ತಾಯೀ, ನಿಮ್ಮನ್ನೂ ಸ್ವಲ್ಪ ಗದರಬೇಕಾಗಿದೆ. ಅಷ್ಟು ಒಳ್ಳೆಯ ಸಾಲು ಬರೆದವರು ಅದನ್ನು ಬಿಟ್ಟುಕೊಟ್ಟಿರೇಕೆ? ಮೋಸ ಹೋದವರು ನಿಮ್ಮ ತಾಯಿ, ಕನ್ನಡಕ ಹುಡುಕಿದವರೂ ಅವರೇ. ಆ ಸಾಲು ಇರಬೇಕೇ ಬೇಡವೇ ಎಂದು ಅವರನ್ನು ಯಾರಾದರೂ ಕೇಳಿದರೇ? ನಮ್ಮಲ್ಲಿ ಗಂಡ ಸತ್ತ ಮನೆಯಲ್ಲಿ ಹೆಂಡತಿಯ ಅಳುವಿಗೆ ಜಾಗವುಂಟು, ಅವಳ ನೆನಪಿಗಿಲ್ಲ. ಹದಿನಾರು ವರ್ಷದ ಮೊಮ್ಮಗ ಆರಿಸಿದ ಫೋಟೊವನ್ನು ಕೂಡ ‘ಹಲ್ಲು ಕಾಣುತ್ತದೆ’ ಎಂದು ಪಕ್ಕಕ್ಕಿಟ್ಟು, ಬ್ಯಾಂಕಿನ ಪಾಸ್‌ಬುಕ್ಕಿಗೆ ತೆಗೆಸಿದ ಬಿಗಿ ಮುಖವನ್ನೇ ದೊಡ್ಡದು ಮಾಡಿಸಿ ಹಾರ ಹಾಕುತ್ತೇವೆ.

ಹಲ್ಲು ಕಾಣುವ ಫೋಟೊ ನಿಮ್ಮಲ್ಲಿದ್ದರೆ, ಹೊಡೆದುಹಾಕಿದ ಆ ಸಾಲಿನೊಡನೆ ಕಳುಹಿಸಿಕೊಡಿ. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ಬಿಟ್ಟಿದ್ದೇನೆ. ಕನ್ನಡಕವನ್ನು ಎಲ್ಲಿ ಬಚ್ಚಿಡುತ್ತಿದ್ದರು ಎಂಬುದನ್ನು ಅಮ್ಮನನ್ನು ಕೇಳಿ ಬರೆಯಲು ಮರೆಯಬೇಡಿ.