ಆ ಎರಡು ಬೆರಳಿನಿಂದಲೇ ಶುರು ಮಾಡಿ

ನಮಸ್ಕಾರ,

ಮೂಕಿ ಚಿತ್ರಗಳ ನಟಿ ಲಿಲಿಯನ್ ಗಿಶ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲು ಮನಸ್ಸೂ ಬರುತ್ತಿಲ್ಲ.

1893ರಲ್ಲಿ ಒಹಾಯೊದಲ್ಲಿ ಹುಟ್ಟಿದ್ದರಿಂದ ಹಿಡಿದು 1993ರಲ್ಲಿ ತೀರಿಕೊಂಡವರೆಗೆ ಎಲ್ಲವನ್ನೂ ಒಂದೇ ಸಮನೆ ಬರೆದುಕೊಂಡು ಹೋಗಿದ್ದೀರಿ. ಒಂದು ವರ್ಷ, ಒಂದು ಸಿನಿಮಾ, ‘ಅಮೋಘ ಅಭಿನಯ’. ಇನ್ನೊಂದು ವರ್ಷ, ಇನ್ನೊಂದು ಸಿನಿಮಾ, ‘ಮನೋಜ್ಞ ಅಭಿನಯ’. ಓದಿ ಮುಗಿಸಿದರೂ ಅವರ ಮುಖ ಕಣ್ಣಮುಂದೆ ಬರಲಿಲ್ಲ.

ಮೂರನೇ ಪುಟದಲ್ಲಿ ಮಾತ್ರ ಒಂದು ಸಾಲಿದೆ: ‘ಬೆರಳಿನಿಂದ ತುಟಿ ಎತ್ತಿ ನಗುವುದನ್ನು ನೋಡಿ ನನಗೆ ಅಳು ಬಂತು.’ ಅಲ್ಲಿ ನಾನು ನಿಂತೆ. ನೀವು ಯಾಕೆ ನಿಲ್ಲಲಿಲ್ಲ?

ಅದು ಗ್ರಿಫಿತ್ ನಿರ್ದೇಶಿಸಿದ, 1919ರ ‘ಬ್ರೋಕನ್ ಬ್ಲಾಸಮ್ಸ್’. ಅಪ್ಪ ಬಾಕ್ಸರ್. ಮಗಳನ್ನು ಬಡಿಯುತ್ತಾನೆ, ಮೇಲಿಂದ ನಗು ಅನ್ನುತ್ತಾನೆ. ಅವಳಿಗೆಲ್ಲಿಂದ ನಗು ಬರಬೇಕು? ಎರಡು ಬೆರಳನ್ನು ತುಟಿಯ ಅಂಚಿಗಿಟ್ಟು ಮೇಲಕ್ಕೆ ತಳ್ಳುತ್ತಾಳೆ. ಬಾಯಿ ನಗುತ್ತದೆ, ಕಣ್ಣು ಹೆದರಿಕೊಂಡೇ ಇರುತ್ತದೆ. ಸಾಯುವಾಗಲೂ ಅದೇ ಬೆರಳು, ಅದೇ ನಗು. ಮಾತಿಲ್ಲದ ಸಿನಿಮಾದಲ್ಲಿ ಮಾತಿನ ಕೆಲಸವನ್ನು ಕೈ ಹೇಗೆ ಮಾಡಿತು ಅಂತ ಇದಕ್ಕಿಂತ ಚೆನ್ನಾಗಿ ಹೇಳುವ ದೃಶ್ಯ ನನಗೆ ಗೊತ್ತಿಲ್ಲ. ನಿಮ್ಮ ಲೇಖನ ಇಲ್ಲಿಂದ ಶುರುವಾಗಲಿ.

1920ರ ‘ವೇ ಡೌನ್ ಈಸ್ಟ್’ ಬಗ್ಗೆ ‘ಚಳಿಯಲ್ಲಿ ತುಂಬಾ ಕಷ್ಟಪಟ್ಟರು’ ಅಂತ ಬರೆದಿದ್ದೀರಿ. ಎಂಥ ಕಷ್ಟ ಅಂತ ತೋರಿಸಿ. ಹೊಳೆಯಲ್ಲಿ ತೇಲುವ ಮಂಜುಗಡ್ಡೆಯ ಮೇಲೆ ಮಲಗಿ, ಕೈಯನ್ನೂ ಕೂದಲನ್ನೂ ನೀರಿಗೆ ಇಳಿಬಿಟ್ಟಿದ್ದರು. ಹಾಗೆ ಮಾಡುತ್ತೇನೆ ಅಂದವರು ಅವರೇ. ಆ ಕೈಯ ಬೆರಳುಗಳ ತೊಂದರೆ ಆಮೇಲೆ ಪೂರ್ತಿ ವಾಸಿಯಾಗಲೇ ಇಲ್ಲ.

‘ಟಾಕಿ ಬಂದ ಮೇಲೆ ಮರೆಯಾದರು’ ಅನ್ನುವುದು ತಪ್ಪು. ಚಿಕ್ಕಂದಿನಲ್ಲೇ ನಾಟಕ ಮಾಡಿದವರು, ನಾಟಕಕ್ಕೇ ವಾಪಸ್ ಹೋದರು. 1930ರಲ್ಲಿ ನ್ಯೂಯಾರ್ಕಿನ ರಂಗಭೂಮಿಯಾದ ಬ್ರಾಡ್‌ವೇಯಲ್ಲಿ ಚೆಕಾಫ್‌ನ ‘ಅಂಕಲ್ ವಾನ್ಯಾ’. 1936ರಲ್ಲಿ ಇಂಗ್ಲಿಷ್ ನಟ ಗೀಲ್ಗುಡ್ ಅವರ ಹ್ಯಾಮ್ಲೆಟ್‌ಗೆ ಒಫೀಲಿಯಾ. ಸಿನಿಮಾವನ್ನೂ ಬಿಡಲಿಲ್ಲ, 1987ರಲ್ಲಿ ‘ದಿ ವೇಲ್ಸ್ ಆಫ್ ಆಗಸ್ಟ್’ನಲ್ಲೂ ಇದ್ದಾರೆ.

ಇನ್ನೊಂದು ಮಾತು ಬಿಡುವ ಹಾಗಿಲ್ಲ. ಗಿಶ್ ನಟಿಸಿದ 1915ರ ‘ದಿ ಬರ್ತ್ ಆಫ್ ಎ ನೇಷನ್’ ಅನ್ನು ‘ಮಹಾನ್ ಚಿತ್ರ’ ಎಂದು ಬರೆದು ಮುಂದೆ ಹೋಗಿದ್ದೀರಿ. ಕಪ್ಪು ಜನರ ಮೇಲೆ ದಾಳಿ ಮಾಡುತ್ತಿದ್ದ ಬಿಳಿಯರ ಗುಂಪು ಕೂ ಕ್ಲಕ್ಸ್ ಕ್ಲಾನ್‌ನವರನ್ನು ವೀರರ ಹಾಗೆ ತೋರಿಸಿದ ಚಿತ್ರ ಅದು. ಕಪ್ಪು ಜನರು ಆಗಲೇ ಬೀದಿಗಿಳಿದು ಪ್ರತಿಭಟಿಸಿದ್ದರು. ಗಿಶ್ ಮೇಲೆ ಪ್ರೀತಿ ಇದೆ ಅಂತ ಇದನ್ನು ಮುಚ್ಚಿಟ್ಟರೆ ಓದುಗರು ನಿಮ್ಮನ್ನು ನಂಬುವುದಿಲ್ಲ. ನಾನೂ ನಂಬುವುದಿಲ್ಲ.

ಪ್ರಶಸ್ತಿಗಳ ಪಟ್ಟಿ ತೆಗೆದುಬಿಡಿ. ‘ಬ್ರೋಕನ್ ಬ್ಲಾಸಮ್ಸ್’ ಅನ್ನು ಸೌಂಡ್ ಬಂದ್ ಮಾಡಿ ಇನ್ನೊಮ್ಮೆ ನೋಡಿ. ಅಳು ಬಂದದ್ದು ಯಾವಾಗ, ಅವರ ಕೈ ಆಗ ಎಲ್ಲಿತ್ತು, ಅಷ್ಟು ಬರೆದರೂ ಸಾಕು. ಬರೆದಾದ ಮೇಲೆ ನೇರವಾಗಿ ನನಗೇ ಕಳಿಸಿ. ಕಾಯುತ್ತಿರುತ್ತೇನೆ.